ಸೊಸೆಯ ಪಗಾರ, ಮಾವನ ಮಾತು

ಸೋಲಾಪುರದ ನವಿ ಪೇಠೆಯ ಜನ ಏನನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ. ಮೊಣಕಾಲು ನೋವು, ಬೀಗರ ಜಗಳ, ಮಗನಿಗೆ ಹೆಣ್ಣು ಸಿಗದ ಸಂಕಟ, ಎಲ್ಲವನ್ನೂ ಚಹಾದ ಅಂಗಡಿಯಲ್ಲಿ ನಿಂತು ಹೇಳುತ್ತಾರೆ. ಪಗಾರ ಎಷ್ಟು ಎಂದು ಮಾತ್ರ ಕೇಳಿ ನೋಡಿ, ಬಾಯಿಗೆ ಬೀಗ ಬೀಳುತ್ತದೆ. "ದೇವರು ನಡಸ್ಯಾನ್ರಿ" ಎಂದು ಮಾತು ಬದಲಿಸುತ್ತಾರೆ.

ಬಟ್ಟೆ ವ್ಯಾಪಾರಿ ಶಂಕರೆಪ್ಪ ಸಾವಕಾರರು ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಅಂಗಡಿ ಕೆಳಗೆ, ಮನೆ ಮೇಲೆ. ಮನೆಯಲ್ಲಿ ಹೆಂಡತಿ ಗಿರಿಜಾಬಾಯಿ, ಮಗ ಅವಿನಾಶ, ಸೊಸೆ ಶುಭಾಂಗಿ. ಅವಿನಾಶ ಅಪ್ಪನ ಜೊತೆ ಅಂಗಡಿ ನೋಡುತ್ತಾನೆ. ಎಂ.ಕಾಂ. ಓದಿದ ಶುಭಾಂಗಿ ಹೋಟಗಿ ರಸ್ತೆಯ ಸೀನಾತೀರ ವಿದ್ಯಾಪೀಠದ ಪರೀಕ್ಷಾ ವಿಭಾಗದಲ್ಲಿ ಸಹಾಯಕಿ. ವಿದ್ಯಾಪೀಠ ಸರಕಾರದ್ದು, ಕೆಲಸ ಕರಾರಿನದು. ವರ್ಷಕ್ಕೊಮ್ಮೆ ಕರಾರು ಹೊಸದಾಗುತ್ತದೆ. ಈ ವಿದ್ಯಾಪೀಠ ನಮ್ಮ ಕತೆಯಲ್ಲಿ ಮಾತ್ರ ಇದೆ, ಹೋಟಗಿ ರಸ್ತೆಯಲ್ಲಿ ಹುಡುಕುತ್ತ ಹೋಗಬೇಡಿ. ಅಲ್ಲಿ ಸೊಸೆಗೆ ಎಷ್ಟು ಪಗಾರ ಎಂದು ಸಾವಕಾರರು ಒಂದು ದಿನವೂ ಕೇಳಿದವರಲ್ಲ. ಕೇಳದೆ ಇರುವುದೇ ದೊಡ್ಡತನ ಎಂದು ತಿಳಿದಿದ್ದರು.

ಸಂಕ್ರಾಂತಿಯ ಮುಂದಿನ ಶುಕ್ರವಾರ ಮನೆಯಲ್ಲಿ ಅರಿಶಿನ-ಕುಂಕುಮ. ನೆರೆಹೊರೆಯ ಹೆಂಗಸರು ಬಂದರು, ಎಳ್ಳುಂಡೆ ತಿಂದರು, ವಾಣವೆಂದು ಉಡುಗೊರೆ ಕೊಟ್ಟ ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದು ಮುಚ್ಚಿ ಪರೀಕ್ಷೆ ಮಾಡಿದರು. ಶುಭಾಂಗಿಯ ಗೆಳತಿ ಶ್ರದ್ಧಾ ಕೂಡ ಬಂದಿದ್ದಳು. ಅವಳು ಅಕ್ಕಲಕೋಟ ಕಡೆಯ ಒಕ್ಕಲು ಮನೆತನದವಳು. ಅಲ್ಲಿಂದಲೇ ದಿನಾ ಸರಕಾರಿ ಎಸ್ಟಿ ಬಸ್ಸಿನಲ್ಲಿ ಬಂದು ಅದೇ ವಿದ್ಯಾಪೀಠದ ಪ್ರವೇಶ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಸಾವಕಾರರು ಒಳಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದರು. ಅರಿಶಿನ-ಕುಂಕುಮದ ದಿನ ಮನೆಯ ಗಂಡಸರು ಪೇಪರು ಹಿಡಿಯುವುದು ಓದುವುದಕ್ಕಲ್ಲ, ಅದು ಎಲ್ಲರಿಗೂ ಗೊತ್ತು.

"ನೌಕರಿ ಬಿಡಾಕಿ ಅದೀಯಂತಲ್ಲವಾ ಶ್ರದ್ಧಾ?" ಎಂದು ಗಿರಿಜಾಬಾಯಿ ಕೇಳಿದರು. "ಇಂಥಾ ಚಲೋ ನೌಕರಿ ಯಾಕ ಬಿಡತಿ?"

"ಬಸ್ಸಿನ ಪಾಸು ಒಂದು, ಕೂಸಿನ ನೋಡಿಕೊಳ್ಳಾಕಿಗಿ ಕೊಡೂದೊಂದು. ಎರಡೂ ಕಳದ್ರ ನನ್ನ ಕೈಯಾಗ ಏನೂ ಉಳಿಯಾಂಗಿಲ್ಲ ಮೌಶಿ. ಮನ್ಯಾಗ ಕುಂತ್ರ ಕೂಸರ ನನ್ನ ಕಣ್ಣ ಮುಂದ ಇರ್ತದ."

"ಎಲ್ಲಾರಿಗೂ ಅಷ್ಟ ಕೊಡತಾರೇನು?"

"ಎಲ್ಲಾರಿಗೂ ಅಷ್ಟ ಕೊಟ್ಟಿದ್ರ ನನಗ ದುಃಖ ಇರಲಿಲ್ರಿ. ನಿಮ್ಮ ಶುಭಾನ ಬಾಜೂಕ ಸಚಿನ ಅಂತ ಒಬ್ಬಾವ ಕುಂಡ್ರತಾನ. ಇಬ್ಬರದೂ ಒಂದ ನಮೂನಿ ಕೆಲಸ. ಇಬ್ಬರೂ ಒಂದ ವರ್ಷದಾಗ ನೌಕರಿಗಿ ಬಂದಾರ. ಅವನ ಪಗಾರ ಇಕಿ ಪಗಾರದ ಒಂದೂವರಿ ಪಟ್ಟ."

ಡಬ್ಬಿಯ ಮುಚ್ಚಳಗಳ ಸದ್ದು ನಿಂತಿತು. "ಯಾರ ಹೇಳಿದ್ರು?" ಎಂದು ಗಿರಿಜಾಬಾಯಿ ಕೇಳಿದರು.

"ಸಚಿನನ ಹೇಳ್ಯಾನ. ಪಾಪ, ಅವನಿಗೂ ಗೊತ್ತಿರಲಿಲ್ಲ. ನಮಗೂ ತನ್ನಷ್ಟ ಸಿಗತದ ಅಂತ ತಿಳಕೊಂಡಿದ್ದ."

ಶುಭಾಂಗಿ ತಲೆ ತಗ್ಗಿಸಿ ತಟ್ಟೆಯಲ್ಲಿನ ಎಳ್ಳುಂಡೆಗಳನ್ನು ಸರಿಮಾಡುತ್ತಿದ್ದಳು. ಅವು ಸರಿಯಾಗಿಯೇ ಇದ್ದವು.

ಶ್ರದ್ಧಾ ಮುಂದುವರಿಸಿದಳು. ಹೊಸ ಕರಾರು ಮಾಡುವ ಮೊದಲು ಕರಾರು ನೌಕರರ ಪಗಾರವನ್ನು ನೋಡಲು ವಿದ್ಯಾಪೀಠ ಒಂದು ಸಮಿತಿ ಮಾಡಿತ್ತು. ಕಚೇರಿಯ ಹೆಣ್ಣುಮಕ್ಕಳೆಲ್ಲ ಕೂಡಿ ಅದಕ್ಕೆ ಒಂದು ಅರ್ಜಿ ಕೊಡುವವರಿದ್ದರು.

"ಎಲ್ಲಾರೂ ಸಹಿ ಮಾಡ್ಯಾರ. ಶುಭಾಂದು ಬಾಕಿ ಅದ. ನಮ್ಮ ವಿಭಾಗದಾಗ ಬರೇ ಹೆಣ್ಣಮಕ್ಕಳ ಅದೀವಿ. ಯಾವ ಗಂಡಸಿನ ಜೋಡಿ ತೂಗಿ ತೋರಸೂದು? ಬಾಜೂಕ ಬಾಜೂ ಕುಂತು ಗಂಡೊಂದು ಹೆಣ್ಣೊಂದು ಒಂದ ಕೆಲಸ ಮಾಡೂದು ಇವರಿಬ್ಬರ. ಇಕಿ ಸಹಿ ಇಲ್ಲಂದ್ರ ನಮ್ಮ ಅರ್ಜಿ ಕುಂಟತದ. ಅರ್ಜಿ ಬಿತ್ತಂದ್ರ ನಾ ಈ ಸರ್ತಿ ಕರಾರಿಗಿ ಸಹಿ ಮಾಡಾಂಗಿಲ್ಲ."

ಒಳಕೋಣೆಯಿಂದ ಒಂದು ಕೆಮ್ಮು ಬಂತು. ಶೀತದ ಕೆಮ್ಮಲ್ಲ ಎಂದು ಹೆಂಗಸರಿಗೆ ತಿಳಿಯಿತು. ಒಬ್ಬೊಬ್ಬರಾಗಿ ಕುಂಕುಮ ಹಚ್ಚಿಸಿಕೊಂಡು ಎದ್ದರು.

ರಾತ್ರಿ ಊಟಕ್ಕೆ ಕೂತಾಗ ಸಾವಕಾರರು ಮಾತು ತೆಗೆದರು. "ನಾಕ ಮಂದಿ ಮುಂದ ಪಗಾರದ ಮಾತ ಆಡೂದು ಮರ್ಯಾದಸ್ತ ಮನೆತನದ ಲಕ್ಷಣ ಅಲ್ಲ. ನಮಗೇನ ಕಡಿಮಿ ಆಗೇದ?"

"ಮನ್ಯಾಗ ಏನೂ ಕಡಿಮಿ ಇಲ್ಲ ಮಾಮಾ," ಎಂದಳು ಶುಭಾಂಗಿ. "ಕಡಿಮಿ ಇರೂದು ಪಗಾರದಾಗ."

"ಆ ಸಚಿನಗ ಮನಿ ನಡಸೂದಿರತದ. ಗಂಡಸಿಗಿ ಜವಾಬ್ದಾರಿ ಇರತದ."

"ಅವಂದಿನ್ನೂ ಲಗ್ನ ಆಗಿಲ್ರಿ. ಶ್ರದ್ಧಾನ ಪಗಾರದ ಮ್ಯಾಲೆ ಅಕಿ ಮನಿ ಅರ್ಧಾ ನಡೀತದ."

ಅವಿನಾಶನಿಗೆ ನಗು ಬಂತು. ಅಪ್ಪ ನೋಡಿದ ಕೂಡಲೇ ಆ ನಗುವನ್ನು ರೊಟ್ಟಿಯ ಜೊತೆ ನುಂಗಿದ. ಸಹಿ ಮಾಡಬೇಡ ಎಂದು ಸಾವಕಾರರು ಬಾಯಿಬಿಟ್ಟು ಹೇಳಲಿಲ್ಲ. "ಪೇಠ್ಯಾಗ ನಮ್ಮದೊಂದು ಹೆಸರದ, ನೋಡು" ಎಂದಷ್ಟೇ ಹೇಳಿ ಕೈ ತೊಳೆದರು. ಇಂಥ ಮನೆಗಳಲ್ಲಿ ಇಲ್ಲ ಎನ್ನುವ ರೀತಿಯೇ ಅದು.

ಶುಭಾಂಗಿ ಆ ವಾರ ಸಹಿ ಮಾಡಲಿಲ್ಲ. ಮಾಡುವುದಿಲ್ಲ ಎಂದೂ ಹೇಳಲಿಲ್ಲ.

ಭಾನುವಾರ ಶ್ರದ್ಧಾ ಮಗಳ ಫ್ರಾಕಿಗೆ ಬಟ್ಟೆ ಕೊಳ್ಳುವ ನೆಪದಲ್ಲಿ ಅಂಗಡಿಗೇ ಬಂದಳು. ಸಾವಕಾರರು ತಾವೇ ಎದ್ದು ಬಟ್ಟೆ ತೋರಿಸಿದರು. ಮನಸ್ಸಿನಲ್ಲಿ ಏನೇ ಇರಲಿ, ಗಿರಾಕಿ ಗಿರಾಕಿಯೇ.

"ನೋಡವಾ," ಎಂದರು ಬಟ್ಟೆ ಅಳೆಯುತ್ತ. "ಅವಿನಾಶ ಹೇಳಿದ, ಸಚಿನಂದು ಸಮನ್ವಯಕನ ಹುದ್ದೆ ಅಂತ. ಶುಭಾಂದು ಸಹಾಯಕಿ. ಹುದ್ದೇನ ಬ್ಯಾರೆ ಇದ್ದಾಗ ಪಗಾರ ಒಂದ ಆಗಬೇಕು ಅಂದ್ರ ಹೆಂಗ?"

"ಕಾಕಾ, ಬೋರ್ಡಿನ ಮ್ಯಾಲಿನ ಹೆಸರ ಬ್ಯಾರೆ. ಕೆಲಸ ಬ್ಯಾರೆ ಅಲ್ಲ. ಕಲಾ ವಿಭಾಗದ ಪರೀಕ್ಷಾ ಇಕಿ ನೋಡತಾಳ, ವಾಣಿಜ್ಯದ್ದು ಅಂವ ನೋಡತಾನ. ಅಂವ ರಜಾ ಹಾಕಿದ ದಿನ ಎರಡೂ ಇಕಿ ನೋಡತಾಳ, ಇಕಿ ಹಾಕಿದ ದಿನ ಅಂವ. ಗಂಡಸರನ್ನ ತಗೊಳ್ಳೂಮುಂದ ಸಮನ್ವಯಕ ಅಂತ ಬರೀತಾರ, ಹೆಣ್ಣಮಕ್ಕಳನ್ನ ತಗೊಳ್ಳೂಮುಂದ ಸಹಾಯಕಿ ಅಂತ ಬರೀತಾರ. ಫರಕ ಇಷ್ಟ."

ಒಂದೇ ಗಿರಣಿಯ ಮಾಲಿಗೆ ಎರಡು ಚೀಟಿ ಅಂಟಿಸುವುದು ಸಾವಕಾರರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಗೊತ್ತಿದೆ ಎಂದು ಹೇಳುವಂತೆಯೂ ಇರಲಿಲ್ಲ. ಬಟ್ಟೆಯನ್ನು ಇನ್ನೊಮ್ಮೆ ಅಳೆದರು.

"ಕಾಯ್ದಾ ಏನಂತದ?" ಎಂದು ಅವಿನಾಶ ಗಾದಿಯ ಮೇಲಿಂದಲೇ ಕೇಳಿದ.

"ಒಂದ ಥರದ ಕೆಲಸಕ್ಕ ಗಂಡಸು ಹೆಂಗಸು ಅಂತ ನೋಡಿ ಪಗಾರದಾಗ ಭೇದ ಮಾಡಬಾರದು ಅಂತದ. ಹುದ್ದಿ ಹೆಸರ ನೋಡಾಂಗಿಲ್ಲ. ಕೆಲಸಕ್ಕ ಏನ ತಿಳುವಳಿಕಿ ಬೇಕು, ಎಷ್ಟ ಶ್ರಮ ಬೀಳತದ, ಜವಾಬ್ದಾರಿ ಎಷ್ಟ ಅಂತ ನೋಡತದ. ನನಗೂ ಮದಲ ಗೊತ್ತಿರಲಿಲ್ಲ. ಜಿಲ್ಲಾ ಕೋರ್ಟಿನಾಗ ವಿಧಿ ಸೇವಾ ಅಂತ ಕಾನೂನು ನೆರವಿನ ಒಂದು ಕಚೇರಿ ಅದ, ಅಲ್ಲಿ ಹೋಗಿ ಕೇಳಿದೆ. ಹೆಣ್ಣಮಕ್ಕಳಿಗೆ ಅಲ್ಲಿ ವಕೀಲರ ಸಲಹಾ ಫುಕಟ."

ಸಾವಕಾರರು ಕತ್ತರಿ ಕೆಳಗಿಟ್ಟರು. "ಎಲ್ಲಾ ಖರೆ. ನಾಳೆ ಕರಾರ ಹೊಸದು ಮಾಡಲಿಲ್ಲಂದ್ರ? ಆಗ ನಿಮ್ಮ ಕಾಯ್ದಾ ಎಲ್ಲಿ ಇರತದ?"

"ಅದಕ್ಕ ನನ್ನ ಕಡೆ ಪಕ್ಕಾ ಜವಾಬಿಲ್ರಿ ಕಾಕಾ. ಅಂಜಿಕಿ ಅದ. ಅದಕ್ಕ ಎಲ್ಲಾರೂ ಕೂಡಿ ಕೊಡಾಕತ್ತೀವಿ. ಒಬ್ಬಾಕಿನ್ನ ತಗದ ಹಾಕಬಹುದು. ಪೂರಾ ಕಚೇರಿನ ತಗದ ಹಾಕಿದ್ರ ಪ್ರವೇಶ ಯಾರ ಮಾಡತಾರ, ಪರೀಕ್ಷಾ ಯಾರ ನಡಸತಾರ?"

ಸಾವಕಾರರು ಫ್ರಾಕಿನ ಬಟ್ಟೆಯನ್ನು ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸಿ ಕೊಟ್ಟರು. ಮನುಷ್ಯ ಕೆಟ್ಟವರಲ್ಲ. ಆದರೆ ತಮ್ಮ ಮನೆತನದ ಹೆಸರು ಅರ್ಜಿಯ ಮೇಲೆ ಬರುವುದು ಅವರಿಗೆ ಸುತರಾಂ ಬೇಡವಾಗಿತ್ತು.

ಮಂಗಳವಾರ ಅವರು ಮನೆಯಲ್ಲಿ ಯಾರಿಗೂ ಹೇಳದೆ ರಿಕ್ಷಾ ಹತ್ತಿ ವಿದ್ಯಾಪೀಠಕ್ಕೆ ಹೋದರು. ಅಲ್ಲಿನ ಉಪಕುಲಸಚಿವ ಗುರುನಾಥ ಸಾಹೇಬರು ನೇಮಕ, ಪಗಾರ ಎಲ್ಲವನ್ನೂ ನೋಡುವ ಅಧಿಕಾರಿ. ಅವರ ಮಗಳ ಮದುವೆಯ ಜವಳಿಯೆಲ್ಲ ಹೋಗಿದ್ದು ಸಾವಕಾರರ ಅಂಗಡಿಯಿಂದ. ಹಾಗಾಗಿ ಚೀಟಿ ಕಳಿಸಿ ಕಾಯುವ ಪ್ರಶ್ನೆ ಇರಲಿಲ್ಲ.

"ಬರ್ರಿ ಸಾವಕಾರ್ರ, ಕೂಡ್ರಿ. ಚಹಾ ಹೇಳತೀನಿ."

"ಕುಂಡ್ರಾಕ ಬಂದಿಲ್ರಿ. ಪಗಾರದ ಅರ್ಜಿ ಅಂತ ಏನೋ ನಡದದಂತ. ನಮ್ಮ ಸೊಸಿ ಹೆಸರು ಅದರಾಗ ಬರಾಂಗಿಲ್ಲ. ಅಷ್ಟ ಹೇಳಿ ಹೋಗಬೇಕಂತ ಬಂದೆ."

ಸಾಹೇಬರ ಮುಖ ಅರಳಿತು. "ಗೊತ್ತಿತ್ರಿ ನನಗ. ನಿಮ್ಮಂಥಾ ಮನೆತನದವರು ಅದರಾಗ ಬೀಳಾಂಗಿಲ್ಲ. ಖರೆ ಹೇಳಬೇಕಂದ್ರ, ನಿಮ್ಮ ಒಂದ ಮಾತಿನ ಮ್ಯಾಲೆ ನಾಕ ವರ್ಷ ನಾ ಈ ಕಚೇರಿ ನಡಸೀನಿ."

"ಯಾವ ಮಾತು?"

"ಮರತ್ರೇನು? ಸೊಸಿನ್ನ ಕರಕೊಂಡು ಬಂದಿದ್ರಿ. ಇದ ಖುರ್ಚಿ ಮ್ಯಾಲೆ ಕುಂತಿದ್ರಿ. ನಾ ಪಗಾರದ ಸುದ್ದಿ ತಗದೆ. ನೀವಂದ್ರಿ, ಪಗಾರದ ಮಾತ ಬಿಡ್ರಿ ಸಾಹೇಬ್ರ, ನಮ್ಮ ಸೊಸಿ ಪಗಾರಕ್ಕ ಬರಾಂಗಿಲ್ಲ, ಮನ್ಯಾಗ ಬ್ಯಾಸರ ಆಗತದಂತ ಬರತಾಳ, ನೀವು ಕೊಟ್ಟಷ್ಟ ಭಾಳ ಆತು."

ಸಾವಕಾರರಿಗೆ ನೆನಪಾಯಿತು. ಹೌದು, ಆಡಿದ್ದರು. ಆಡುವಾಗ ಹಿತವೆನಿಸಿತ್ತು. ಸೊಸೆ ಪಕ್ಕದಲ್ಲೇ ನಿಂತಿದ್ದಳೋ ಹೊರಗೆ ಇದ್ದಳೋ, ಅದು ನೆನಪಾಗಲಿಲ್ಲ. ಅವಳ ಕಡೆ ನೋಡಿಯೇ ಇರಲಿಲ್ಲ.

"ಅವತ್ತಿನಿಂದ ನಂದೊಂದ ಜವಾಬು," ಎಂದರು ಸಾಹೇಬರು, ಖುಷಿಯಿಂದ. "ಯಾವಾಕಿ ಬಂದು ಪಗಾರ ಸಾಲೂದಿಲ್ಲ ಅಂದ್ರೂ, ನವಿ ಪೇಠ ಶಂಕರೆಪ್ಪ ಸಾವಕಾರ್ರ ಸೊಸಿ ಇಷ್ಟಕ್ಕ ದುಡೀತಾಳ, ನಿಂದೇನು ಹೆಚ್ಚಿಂದು ಅಂತೀನಿ. ಚುಪ್. ಆ ಅಕ್ಕಲಕೋಟ ಕಡೀದಾಕಿ ಶ್ರದ್ಧಾ ಭಾಳ ವಾದಾ ಮಾಡತಿದ್ಲು. ಅಕಿಗೂ ಇದನ್ನ ಹೇಳಿದೆ. ಅಳಕೋತ ಹೋದ್ಲು."

ಚಹಾ ಬಂತು. ಸಾವಕಾರರು ಅದನ್ನು ಮುಟ್ಟಲಿಲ್ಲ.

ಪೇಠೆಗೆ ಪೇಠೆಯದೇ ಒಂದು ಪದ್ಧತಿ ಇದೆ. ಒಬ್ಬ ವ್ಯಾಪಾರಿಯ ಹೆಸರು ಹೇಳಿ ಇನ್ನೊಬ್ಬರ ಮಾಲಿನ ಭಾವ ಮುರಿಯಬೇಕಾದರೆ, ಅಂದರೆ ಬೆಲೆ ಇಳಿಸಬೇಕಾದರೆ, ಆ ವ್ಯಾಪಾರಿಯನ್ನು ಮೊದಲು ಒಂದು ಮಾತು ಕೇಳುತ್ತಾರೆ. ಕೇಳದೆ ಮುರಿದವನನ್ನು ಮತ್ತೆ ಅಂಗಡಿಗೆ ಹತ್ತಿಸುವುದಿಲ್ಲ. ಇಲ್ಲಿ ನಾಲ್ಕು ವರ್ಷ ತಮ್ಮ ಹೆಸರಿನ ಮೇಲೆ ಹೆಣ್ಣುಮಕ್ಕಳ ದುಡಿಮೆಯ ಭಾವ ಮುರಿದಿತ್ತು. ತಾವು ಗತ್ತಿಗೆ ಆಡಿದ ಮಾತು ಬಸ್ಸಿನಲ್ಲಿ ಬಂದು ದುಡಿಯುವವಳ ಕೈಯಿಂದ ತುತ್ತು ಕಿತ್ತಿತ್ತು. ಮೊದಲು ಸಿಟ್ಟು ಬಂತು. ಸಿಟ್ಟು ಸಾಹೇಬರ ಮೇಲೆ ಎಂದುಕೊಂಡರು. ಎದ್ದು ಬಾಗಿಲು ದಾಟುವಷ್ಟರಲ್ಲಿ ಅದು ನಾಚಿಕೆಯಾಗಿತ್ತು, ಮತ್ತು ಅದು ತಮ್ಮ ಮೇಲೆಯೇ ಇತ್ತು.

ಕಾರಿಡಾರಿನ ಕೊನೆಗೆ ಪರೀಕ್ಷಾ ವಿಭಾಗ. ಸೊಸೆ ಕೆಲಸ ಮಾಡುವ ಜಾಗವನ್ನು ಸಾವಕಾರರು ನೋಡಿಯೇ ಇರಲಿಲ್ಲ. ಫಲಿತಾಂಶದ ದಿನಗಳಾದ್ದರಿಂದ ಎರಡು ಕಿಟಕಿಗಳ ಮುಂದೆಯೂ ಹುಡುಗ ಹುಡುಗಿಯರ ಸಾಲು. ಒಂದು ಕಿಟಕಿಯಲ್ಲಿ ಶುಭಾಂಗಿ, ಇನ್ನೊಂದರಲ್ಲಿ ಸಚಿನ. ಒಂದು ವಿಷಯದ ಅಂಕವೇ ಬಂದಿಲ್ಲವೆಂದು ಒಬ್ಬ ಹುಡುಗಿ ಕಣ್ಣೀರು ಹಾಕುತ್ತಿದ್ದಳು. ಶುಭಾಂಗಿ ಕಂಪ್ಯೂಟರು ನೋಡಿದಳು, ಯಾರಿಗೋ ಫೋನು ಹಚ್ಚಿ ಜಗಳಾಡಿದಳು, ಯಾವ ಕಾಲೇಜಿನಿಂದ ಅಂಕ ಬರುವುದು ಉಳಿದಿದೆ ಎಂದು ಹುಡುಕಿ ತೆಗೆದಳು, ಸಂಜೆಯೊಳಗೆ ಬರುತ್ತದೆ ಅಳಬೇಡ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದಳು. ಪಕ್ಕದ ಕಿಟಕಿಯಲ್ಲಿ ಸಚಿನ ಮಾಡುತ್ತಿದ್ದುದೂ ಅದನ್ನೇ. ಒಮ್ಮೆ ಅವಳು ಅವನನ್ನು ಏನೋ ಕೇಳಿದಳು, ಒಮ್ಮೆ ಅವನು ಅವಳನ್ನು.

ಬೇಸರ ಕಳೆಯಲು ಬಂದವರು ಹೀಗೆ ಸೆರಗಿನಿಂದ ಬೆವರು ಒರೆಸಿಕೊಂಡು ಮುಂದಿನವರನ್ನು ಕರೆಯುವುದಿಲ್ಲ. ಅಷ್ಟು ತಿಳಿಯಲು ಎಂ.ಕಾಂ. ಬೇಕಿಲ್ಲ. ಸಾವಕಾರರು ಸೊಸೆಗೆ ಕಾಣದಂತೆ ಹೊರಗೆ ನಡೆದರು.

ಆ ಸಂಜೆ ಎಲ್ಲರೂ ಕೂತಾಗ ಅವರು ನಡೆದದ್ದನ್ನು ಹೇಳಿದರು. ತಾವು ಹೋಗಿದ್ದು ಯಾಕೆ ಎಂಬುದನ್ನೂ ಬಿಡದೆ ಹೇಳಿದರು. ಅದು ಅವರ ಗುಣ, ಲೆಕ್ಕದಲ್ಲಿ ಅರ್ಧ ಮುಚ್ಚಿಡುವವರಲ್ಲ.

ಶುಭಾಂಗಿ ಆ ಮನೆಗೆ ಬಂದ ಮೇಲೆ ಮಾವನ ಎದುರು ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ. ಆದರೆ ಅವಳಿಗೆ ಬಂದಿದ್ದು ಸಿಟ್ಟೇ.

"ಶ್ರದ್ಧಾ ಅಳಕೋತ 'ಸಾಹೇಬ್ರ ಖೋಲಿಯಿಂದ ಬಂದೆ' ಅಂದಾಗ ನಾನ ಅಕಿಗಿ ನೀರ ಕೊಟ್ಟಿದ್ದೆ ಮಾಮಾ. ಏನಾತು ಅಂದ್ರ ಹೇಳಲಿಲ್ಲ. ನನ್ನ ಹೆಸರ ಹೇಳಿ ಅಕಿ ಬಾಯಿ ಮುಚ್ಚಸ್ಯಾರ ಅಂತ ನನ್ನ ಮುಂದ ಹೆಂಗ ಹೇಳ್ಯಾಳು? ನನ್ನ ಪಗಾರದ ಮಾತು ನನ್ನ ಕೇಳಲಾರದ ನೀವು ಯಾಕ ಆಡಿದ್ರಿ?"

ಗಿರಿಜಾಬಾಯಿ ರೊಟ್ಟಿಯ ಬುಟ್ಟಿ ಮುಚ್ಚುತ್ತ, "ಅವರಿಗಿ ಕೇಳೂ ರೂಢಿ ಇಲ್ಲವಾ. ನನ್ನರ ಎಂದ ಕೇಳ್ಯಾರ?" ಎಂದರು. ಆ ಮಾತು ಸೊಸೆಯ ಮಾತಿಗಿಂತ ಹೆಚ್ಚು ನಾಟಿತು.

"ಆತು. ನಾಳೆ ಗುರುನಾಥ ಸಾಹೇಬ್ರಿಗಿ ಹೇಳಿ ಎಲ್ಲಾ ಬರೋಬರಿ ಮಾಡಸತೀನಿ," ಎಂದರು ಸಾವಕಾರರು.

"ಬ್ಯಾಡ್ರಿ," ಎಂದಳು ಶುಭಾಂಗಿ. "ನನ್ನ ಸಲುವಾಗಿ ನೀವು ಒಮ್ಮೆ ಮಾತಾಡೀರಿ, ಸಾಕು. ನನ್ನ ಮಾತ ನಾ ಆಡತೀನಿ. ನೀವು ಆಡಿದ್ದಷ್ಟ ತಿರುಗಿ ತಗೋರಿ. ಸಮಿತಿ ಮುಂದ."

ಹೊರಗಿನವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಆದರೆ ಆ ಪೇಠೆಯಲ್ಲಿ ವ್ಯಾಪಾರ ನಡೆಯುವುದು ಬಾಯಿಮಾತಿನ ಮೇಲೆ. ಸೂರತ್ತಿನಿಂದ ಫೋನಿನ ಮೇಲೆ ಮಾಲು ಬರುತ್ತದೆ, ಫೋನಿನ ಮೇಲೆ ಹೇಳಿದ ಭಾವಕ್ಕೇ ಹಣ ಹೋಗುತ್ತದೆ. ಮಾತು ಹಿಂದಕ್ಕೆ ತೆಗೆದುಕೊಂಡವನೆಂದರೆ ಅಂಗಡಿ ಮುಳುಗಿಸಿದವನಿಗಿಂತ ಕಡೆ. ಸಾವಕಾರರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಶುಭಾಂಗಿ ಅವರ ತೀರ್ಮಾನಕ್ಕೆ ಕಾಯಲಿಲ್ಲ. ಮರುದಿನವೇ ಅರ್ಜಿಗೆ ಸಹಿ ಮಾಡಿದಳು. ಮೂರನೆಯ ದಿನ ಸಾವಕಾರರು ಬೆಳಗಿನ ಚಹಾ ಕುಡಿಯುತ್ತ, "ಸಮಿತಿ ಯಾವ ದಿನ ಅದ?" ಎಂದು ಕೇಳಿದರು.

ಸಮಿತಿಯ ಅಧ್ಯಕ್ಷೆ ನಿವೃತ್ತ ಪ್ರಾಧ್ಯಾಪಕಿ. ಮೇಜಿನ ಒಂದು ಬದಿಗೆ ಗುರುನಾಥ ಸಾಹೇಬರು. ಶುಭಾಂಗಿ ಒಳಗೆ ಹೋದಾಗ ಸಾವಕಾರರು ಹೊರಗೆ ಬೆಂಚಿನ ಮೇಲೆ, ಶ್ರದ್ಧಾಳಿಂದ ಸ್ವಲ್ಪ ದೂರದಲ್ಲಿ ಕೂತರು. ಬಾಗಿಲು ಅರ್ಧ ತೆರೆದಿತ್ತು.

ಶುಭಾಂಗಿ ತಾನು ದಿನವೂ ಏನೇನು ಮಾಡುತ್ತೇನೆಂದು ಹೇಳಿದಳು. ಪರೀಕ್ಷೆಯ ವೇಳಾಪಟ್ಟಿ, ಕೇಂದ್ರಗಳಿಗೆ ಪ್ರಶ್ನೆಪತ್ರಿಕೆ ಮುಟ್ಟಿಸುವುದು, ಫಲಿತಾಂಶ, ಆಮೇಲೆ ಬರುವ ತಕರಾರು. "ಇದೆಲ್ಲಾ ವಾಣಿಜ್ಯ ವಿಭಾಗಕ್ಕ ಸಚಿನ ಮಾಡತಾರ. ಅವರ ಪಗಾರ ಕಡಿಮಿ ಮಾಡ್ರಿ ಅಂತ ನಾವು ಕೇಳಾಕತ್ತಿಲ್ಲ. ಒಂದ ಕೆಲಸಕ್ಕ ಒಂದ ಪಗಾರ ಅಂತ ಕೇಳಾಕತ್ತೀವಿ."

ಸಚಿನನನ್ನು ಕರೆದು ಕೇಳಿದರು. "ಅವರು ಹೇಳಿದ್ದ ನನ್ನ ಕೆಲಸಾನೂರಿ. ಬ್ಯಾರೆ ಏನೂ ಇಲ್ಲ" ಎಂದ.

ಆಗ ಗುರುನಾಥ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಮ್ಯಾಡಮ್, ಇದರಾಗ ನಮ್ಮ ತಪ್ಪೇನಿಲ್ಲ. ಪಗಾರದ ಮಾತ ಬ್ಯಾಡ, ಕೊಟ್ಟಷ್ಟ ಸಾಕು ಅಂತ ಇವರ ಮನಿ ಹಿರ್ಯಾರ ಹೇಳಿ ಹೋಗಿದ್ರು."

"ಅವರು ಹೊರಗ ಕುಂತಾರ್ರಿ," ಎಂದಳು ಶುಭಾಂಗಿ. "ಕರದು ಕೇಳ್ರಿ."

ಸಾವಕಾರರು ಒಳಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾ ವ್ಯಾಪಾರಿ ಇದ್ದೀನ್ರಿ. ಆಡಿದ ಮಾತ ತಿರುಗಿ ತಗೊಂಡವಗ ನಮ್ಮ ಪೇಠ್ಯಾಗ ಯಾರೂ ಮಾಲ ಕೊಡಾಂಗಿಲ್ಲ. ಈ ವಯಸ್ಸಿನ ತನಾ ನಾ ತಗೊಂಡಿಲ್ಲ. ಇವತ್ತ ತಗೊಳ್ಳಾಕ ಬಂದೀನಿ. ಸಾಹೇಬ್ರು ಹೇಳಿದ್ದು ಸುಳ್ಳಲ್ಲ, ನಾ ಅಂದಿದ್ದೆ. ಆದ್ರ ಸೊಸಿನ್ನ ಕೇಳಿರಲಿಲ್ಲ. ದುಡಿಯಾಕಿ ಅಕಿ, ಭಾವ ಹೇಳಿದಾವ ನಾ. ನನ್ನದಲ್ಲದ ಮಾಲ ನಾ ಮಾರೀನಿ. ಹಂಥಾ ವ್ಯಾಪಾರ ನಡಿಯಾಂಗಿಲ್ಲ. ಅದು ರದ್ದು."

ಆಮೇಲೆ ಅಧ್ಯಕ್ಷೆ ಮರಾಠಿಯಲ್ಲಿ ಹೇಳಿದ್ದರ ಸಾರ ಇಷ್ಟು. ಮಾವ ಹೇಳಲಿ, ಗಂಡ ಹೇಳಲಿ, ಕಡೆಗೆ ನೌಕರಿ ಮಾಡುವವಳೇ ಕಡಿಮೆ ಸಾಕು ಎನ್ನಲಿ, ಹೆಣ್ಣೆಂದು ಪಗಾರ ಇಳಿಸಲು ಕಾಯ್ದೆ ಬಿಡುವುದಿಲ್ಲ. ಮನೆಯಲ್ಲಿ ಎಷ್ಟಿದೆ ಎಂದು ನೋಡಿ ಕೊಡುವುದು ದಾನ. ಕೆಲಸ ನೋಡಿ ಕೊಡುವುದು ಪಗಾರ.

ಸಾವಕಾರರು ಹೊರಗೆ ಬಂದು ಶ್ರದ್ಧಾಳ ಮುಂದೆ ನಿಂತರು. "ತಂಗೀ, ನನ್ನ ಹೆಸರ ಹೇಳಿ ನಿನ್ನ ಅಳಸ್ಯಾರ. ತಪ್ಪು ನಂದು." ಶ್ರದ್ಧಾ ಬೆಂಚಿನಿಂದ ಎದ್ದು, "ಇರಲಿ ಬಿಡ್ರಿ ಕಾಕಾ" ಎಂದಳು. ಅವಳ ಕಣ್ಣು ಮತ್ತೆ ತುಂಬಿತು.

ಸಮಿತಿಯ ನಿರ್ಣಯ ಬರಲು ಸಮಯ ಹಿಡಿಯಿತು, ಬಂತು. ಹೊಸ ಕರಾರಿನಿಂದ ಸಹಾಯಕಿ, ಸಮನ್ವಯಕ ಎಂಬ ಎರಡು ಹೆಸರು ಹೋಗಿ ಒಂದೇ ಹುದ್ದೆ, ಒಂದೇ ಪಗಾರ. ಪ್ರವೇಶ ವಿಭಾಗದ ಹೆಣ್ಣುಮಕ್ಕಳ ಕೆಲಸವನ್ನೂ ಅದೇ ಅಳತೆಯಿಂದ ಅಳೆದು ಏರಿಸಿದರು. ಹಿಂದಿನ ವರ್ಷಗಳ ಬಾಕಿಯ ವಿಷಯ ಮೇಲಿನವರ ಬಳಿ ಹೋಗಿದೆ, ಇನ್ನೂ ತೀರ್ಮಾನವಾಗಿಲ್ಲ. ಹೆಣ್ಣುಮಕ್ಕಳು ಬೆನ್ನು ಬಿಟ್ಟಿಲ್ಲ. ಶ್ರದ್ಧಾ ಕರಾರಿಗೆ ಸಹಿ ಮಾಡಿದಳು. ಅರ್ಜಿ ಕೊಟ್ಟವರಲ್ಲಿ ಯಾರ ನೌಕರಿಯೂ ಹೋಗಲಿಲ್ಲ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಸಾವಕಾರರ ಅಂಗಡಿಯಲ್ಲಿ ರತ್ನಾಬಾಯಿ ಎಂಬವಳಿದ್ದಾಳೆ. ಈ ಕತೆಯಲ್ಲಿ ಅವಳ ಹೆಸರು ಇದುವರೆಗೆ ಬರಲಿಲ್ಲ. ಅಂಗಡಿಯಲ್ಲೂ ಅಷ್ಟೇ, ಸೀರೆ ಮಡಚುವುದಿದ್ದಾಗ ಮಾತ್ರ ಅವಳ ಹೆಸರು ಬರುತ್ತದೆ. ಸಾವಕಾರರು ಸಮಿತಿಯ ಮುಂದೆ ಆಡಿದ ಮಾತು ಪೇಠೆಯಲ್ಲಿ ಹರಡಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಒಂದು ಬೆಳಿಗ್ಗೆ ರತ್ನಾಬಾಯಿ ಗಾದಿಯ ಮುಂದೆ ಬಂದು ನಿಂತಳು.

"ಸಾವಕಾರ್ರ, ಅಂಬಾದಾಸ ಗಿರಾಕಿಗಿ ಸೀರಿ ತೋರಸತಾನ, ನಾನೂ ತೋರಸತೀನಿ. ಅಂವ ಮಡಚತಾನ, ನಾನೂ ಮಡಚತೀನಿ. ಅವಗೆಷ್ಟ ಕೊಡತೀರಿ?"

ಸೀರೆ ತೋರಿಸುತ್ತಿದ್ದ ಅಂಬಾದಾಸ ಕೈ ನಿಲ್ಲಿಸಿದ. ಅವಿನಾಶ ಅಪ್ಪನ ಮುಖ ನೋಡಿದ. ಸಾವಕಾರರು ಉತ್ತರ ಹೇಳಲು ಸಾಕಷ್ಟು ಹೊತ್ತು ತೆಗೆದುಕೊಂಡರು. ಆದರೆ ಹೇಳಿದರು. ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಆ ತಿಂಗಳಿನಿಂದ ಇಬ್ಬರಿಗೂ ಒಂದೇ ಪಗಾರ.

ಕೇಳುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ಕಚೇರಿಯಾಗಲಿ ಅಂಗಡಿಯಾಗಲಿ, ಒಂದೇ ಥರದ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಪಗಾರ ಕೊಡುವುದು ಕಾಯ್ದೆಗೆ ವಿರುದ್ಧ. ಹುದ್ದೆಯ ಹೆಸರು ಬೇರೆ ಎಂದು ಯಾರಾದರೂ ಹೇಳಿದರೆ, ನೀವು ದಿನವೂ ಮಾಡುವ ಕೆಲಸವನ್ನು ಬರೆದು ಮುಂದಿಡಿ. ಒಬ್ಬರೇ ಹೋಗಬೇಡಿ, ಕೂಡಿ ಹೋಗಿ. ಸರಕಾರಿ ಸಂಸ್ಥೆಯಾದರೆ ಯಾವ ಹುದ್ದೆಗೆ ಎಷ್ಟು ಪಗಾರ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಕೊಟ್ಟು ಕೇಳಬಹುದು. ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ಸಹಾಯ ಉಚಿತವಾಗಿ ಸಿಗುತ್ತದೆ. ಮನೆಯ ಹಿರಿಯರೆ, ನಿಮ್ಮ ಮಗಳು ಸೊಸೆಯಂದಿರ ದುಡಿಮೆಗೆ ನೀವು ಬೆಲೆ ಹೇಳಬೇಡಿ; ಅವರು ಹೇಳುವಾಗ ಅಡ್ಡ ಬರಬೇಡಿ. ನಿಮ್ಮ ಗತ್ತಿನ ಒಂದು ಮಾತಿಗೆ ಬೆಲೆ ತೆರುವವರು ನಿಮಗೆ ಕಾಣದ ಇನ್ಯಾರೋ ಆಗಿರುತ್ತಾರೆ.

ಮತ್ತು ನಾಳೆ ಕೆಲಸದ ನಡುವೆ ಚಹಾ ಕುಡಿಯುವಾಗ ಪಕ್ಕದ ಮೇಜಿನವರಿಗೆ ಮೊದಲು ನಿಮ್ಮ ಪಗಾರ ಹೇಳಿ. ಆಮೇಲೆ ಅವರದನ್ನು ಕೇಳಿ.